ಘಟವಾದಿನಿ ಶ್ರೀಮತಿ ಸುಕನ್ಯಾ ರಾಮಗೋಪಾಲ್

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಗಳಲ್ಲಿ ಗೃಹಿಣಿಯರು ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವ ಕ್ರಮವನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಕಣ್ಣಿನಿಂದ ನೋಡಿದ ಮಾತ್ರಕ್ಕೆ ಅವರು ತೃಪ್ತರಾಗುವುದಿಲ್ಲ. ಗಡಿಗೆಯನ್ನು ಎಡಗೈಯ ಮೇಲೆ ಎತ್ತಿಕೊಂಡು, ಬಲಗೈಯ ಬೆರಳಗಿಣ್ಣಿನಿಂದ ಒಂದೆರಡು ಬಾರಿ ತಟ್ಟಿ, ಕಿವಿಗೊಟ್ಟು ಕೇಳುವರು. ನಾದವು ಠಣ್ ಎಂದು ಹೊರಟರೆ ಗಡಿಗೆ ಚೆನ್ನಾಗಿ ಬೆಂದಿದೆ, ಎಲ್ಲಿಯೂ ಬಿರುಕಿಲ್ಲ ಎಂದರ್ಥ. ಬೊದ್ದೆಂದು ಹೊರಟರೆ ಅದನ್ನು ಮರಳಿ ಇಟ್ಟು ಬೇರೊಂದನ್ನು ತೆಗೆದುಕೊಳ್ಳುವರು. ಹೀಗೆ ತಲತಲಾಂತರದಿಂದ ಮಡಕೆಯ ನಾದವನ್ನು ಪರೀಕ್ಷಿಸುತ್ತ ಬಂದವರು ಹೆಂಗಸರೇ ಆಗಿದ್ದಾರೆ. ಆದರೆ ಅದೇ ಮಡಕೆಯು ಅಡಿಗೆಮನೆಯನ್ನು ಬಿಟ್ಟು ಸಂಗೀತಸಭೆಯ ವೇದಿಕೆಯನ್ನೇರಿ ‘ಘಟ’ವೆಂಬ ಗೌರವದ ಹೆಸರನ್ನು ಪಡೆದೊಡನೆ, ಅದನ್ನು ನುಡಿಸುವ ಅಧಿಕಾರವು ಗಂಡಸರಿಗೆ ಮಾತ್ರ ಸೇರಿದುದೆಂಬ ನಂಬಿಕೆ ನಮ್ಮಲ್ಲಿ ಬಹುಕಾಲ ಬೇರೂರಿದ್ದಿತು. ಈ ನಂಬಿಕೆಯನ್ನು ವಾದದಿಂದಲ್ಲ, ವಾದನದಿಂದ ಅಲುಗಿಸಿದ ಮಹಿಳೆಯೊಬ್ಬರ ಜೀವನವೃತ್ತಾಂತವನ್ನು ಈ ತಿಂಗಳು ನಮ್ಮ ಮನೆಮನೆಯ ವಾಚಕರ ಮುಂದೆ ಇಡಬೇಕೆಂದು ನಾವು ಬಯಸಿದ್ದೇವೆ. ಅವರೇ ಘಟವಾದಿನಿ ಶ್ರೀಮತಿ ಸುಕನ್ಯಾ ರಾಮಗೋಪಾಲ್.

ಸುಕನ್ಯಾ ಅವರು ಜನಿಸಿದುದು 1957ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಕಾವೇರೀ ತೀರದ ಮಾಯಾವರದಲ್ಲಿ. ಐವರು ಮಕ್ಕಳಲ್ಲಿ ಇವರೇ ಕಿರಿಯರು. ಇವರ ಮನೆತನವು ವಿದ್ಯೆಗೆ ಹೆಸರಾದುದು. ಓಲೆಗರಿಗಳಲ್ಲಿ ಹುಳುಹಿಡಿದು ನಾಶವಾಗಲಿದ್ದ ಪ್ರಾಚೀನ ತಮಿಳು ಕಾವ್ಯಗಳನ್ನು ಊರೂರು ಅಲೆದು ಸಂಪಾದಿಸಿ ಅಚ್ಚು ಹಾಕಿಸಿದ ಮಹಾಮಹೋಪಾಧ್ಯಾಯ ಉ. ವೇ. ಸ್ವಾಮಿನಾಥ ಅಯ್ಯರವರ (1855–1942) ವಂಶಕ್ಕೆ ಇವರು ಸೇರಿದವರು. ಮರೆತುಹೋಗುವುದನ್ನು ಉಳಿಸಿಕೊಳ್ಳಬೇಕೆಂಬ ಹಂಬಲ, ಹಿಡಿದ ಕೆಲಸವನ್ನು ನಡುವೆ ಬಿಡದ ಛಲ, ಇವೆರಡೂ ಆ ಮನೆಯ ಆಸ್ತಿಯಾಗಿದ್ದಿರಬೇಕು. ಮುಂದೆ ಸುಕನ್ಯಾ ಅವರು ನಡೆಸಿದ ಜೀವನವನ್ನು ನೋಡುವಾಗ, ಈ ಆಸ್ತಿಯಲ್ಲಿ ಅವರಿಗೂ ಒಂದು ಪಾಲು ಸಂದಿತೆಂದು ನಮಗೆ ತೋರುತ್ತದೆ.

ಬಾಲ್ಯವು ಕಳೆದುದು ಮದರಾಸಿನ ತಿರುವಲ್ಲಿಕೇಣಿಯಲ್ಲಿ. ಅಲ್ಲಿ ವಿದ್ವಾನ್ ಟಿ. ಆರ್. ಹರಿಹರ ಶರ್ಮರು ‘ಶ್ರೀ ಜಯಗಣೇಶ ತಾಳವಾದ್ಯ ವಿದ್ಯಾಲಯ’ವೆಂಬ ಶಾಲೆಯನ್ನು ನಡೆಸುತ್ತಿದ್ದರು. ಹೆಸರೇ ಹೇಳುವಂತೆ ಅದು ಮೃದಂಗ, ಘಟ, ಖಂಜಿರ, ಮೋರ್ಸಿಂಗುಗಳ ಪಾಠಶಾಲೆ. ಆದರೆ ಹನ್ನೆರಡರ ವಯಸ್ಸಿನ ಬಾಲಿಕೆಯನ್ನು ಅಲ್ಲಿಗೆ ಸೇರಿಸಿದುದು ಪಿಟೀಲು ಕಲಿಯಲೆಂದು. ಹೆಣ್ಣುಮಕ್ಕಳಿಗೆ ಹಾಡುಗಾರಿಕೆ, ವೀಣೆ, ಹೆಚ್ಚೆಂದರೆ ಪಿಟೀಲು, ಇವಿಷ್ಟು ಒಪ್ಪುತ್ತವೆಂದು ಅಂದಿನ ಗೃಹಸ್ಥರು ತಿಳಿದಿದ್ದರು. ಚರ್ಮವಾದ್ಯಗಳ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಹುಡುಗಿಯ ಕೈಯಲ್ಲಿ ಪಿಟೀಲಿನ ಕಮಾನು ಇದ್ದಿತು; ಆದರೆ ಕಿವಿಯು ಪಕ್ಕದಲ್ಲಿ ಕೇಳಿಬರುತ್ತಿದ್ದ ‘ತಕಧಿಮಿ ತಕಝಣು’ವಿನ ಕಡೆಗೇ ಓಡುತ್ತಿದ್ದಿತು. ಕೈಗೆ ಸಿಕ್ಕಿದ ಪಾತ್ರೆಪದಾರ್ಥಗಳ ಮೇಲೆಲ್ಲ ಬೆರಳು ತಾನಾಗಿ ತಾಳ ಹಾಕುತ್ತಿದ್ದಿತು. ಹರಿಹರ ಶರ್ಮರು ಇದನ್ನು ಕಂಡರು. ಮಕ್ಕಳ ಒಲವನ್ನು ಕಂಡುಹಿಡಿಯುವುದೇ ಗುರುವಿನ ಮೊದಲನೆಯ ವಿದ್ಯೆ. ಅವರು ಹುಡುಗಿಗೆ ಮೃದಂಗದ ಪಾಠವನ್ನು ಆರಂಭಿಸಿದರು.

ಹರಿಹರ ಶರ್ಮರ ಮಗನೇ ಜಗತ್ಪ್ರಸಿದ್ಧ ಘಟವಿದ್ವಾನ್ ಟಿ. ಎಚ್. ವಿನಾಯಕರಾಮ್ ಅವರು. ಸಂಗೀತಪ್ರಿಯರು ಇವರನ್ನು ಪ್ರೀತಿಯಿಂದ ‘ವಿಕ್ಕು’ ಎಂದು ಕರೆಯುವರು. 1966ರಲ್ಲಿ ಶ್ರೀಮತಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಹಾಡಿದಾಗ ಘಟವನ್ನು ನುಡಿಸಿದವರು ಇವರೇ. ವಿನಾಯಕರಾಮರ ಕೈಯಲ್ಲಿ ಮಣ್ಣಿನ ಘಟವು ಮಾತನಾಡುವುದನ್ನು ಕೇಳಿದ ಸುಕನ್ಯಾ ಅವರಿಗೆ ತಾವೂ ಇದನ್ನೇ ಕಲಿಯಬೇಕೆಂಬ ಆಸೆ ಹುಟ್ಟಿತು. ಆಸೆಯನ್ನು ಗುರುಗಳಲ್ಲಿ ನಿವೇದಿಸಿಕೊಂಡಾಗ ವಿನಾಯಕರಾಮರು ಹಿಂದೆಮುಂದೆ ನೋಡಿದರು. ಅವರ ಸಂಕೋಚವು ಅನಾದರದಿಂದ ಹುಟ್ಟಿದುದಲ್ಲ. ಮೃದಂಗದ ಚರ್ಮವು ಬೆರಳಿಗೆ ಸ್ವಲ್ಪವಾದರೂ ಮಣಿಯುವುದು. ಸುಟ್ಟ ಮಣ್ಣು ಮಣಿಯುವುದಿಲ್ಲ. ಗಂಟೆಗಟ್ಟಲೆ ಅದನ್ನು ತಟ್ಟುವುದು ಹುಡುಗಿಯ ಕೈಗೆ ಕಷ್ಟವಾದೀತೆಂಬುದು ಅವರ ಅಭಿಪ್ರಾಯವಾಗಿದ್ದಿತು. ಆದರೆ ತಂದೆಯವರು ಮಗನ ಅಭಿಪ್ರಾಯವನ್ನು ಒಪ್ಪಲಿಲ್ಲ. ಕಲಿಯುವ ಮನಸ್ಸಿದ್ದವರಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲವೆಂದು ಅವರು ನಂಬಿದ್ದರು. ತಾವೇ ಮುಂದೆ ಬಂದು ಹುಡುಗಿಗೆ ಘಟದ ಪಾಠವನ್ನು ಹೇಳಿಕೊಟ್ಟರು. ಶಿಷ್ಯೆಯ ಕೈ ಪಳಗಿದುದನ್ನು ಕಂಡ ಮೇಲೆ ವಿನಾಯಕರಾಮರಿಗೂ ಸಂದೇಹ ಉಳಿಯಲಿಲ್ಲ. ಅವರೂ ತುಂಬುಮನಸ್ಸಿನಿಂದ ತಮ್ಮ ವಿದ್ಯೆಯನ್ನು ಧಾರೆಯೆರೆದರು. ಹೀಗೆ ಒಂದೇ ಮನೆಯ ಎರಡು ತಲೆಮಾರಿನ ಗುರುಗಳ ಅನುಗ್ರಹವು ಸುಕನ್ಯಾ ಅವರಿಗೆ ಲಭಿಸಿತು.

ಇಲ್ಲಿ ಘಟವೆಂಬ ವಾದ್ಯದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ನೋಡುವುದಕ್ಕೆ ಇದು ನೀರಿನ ಕೊಡದಂತೆಯೇ ಕಾಣುವುದಾದರೂ, ನೀರಿನ ಕೊಡವನ್ನು ತಂದು ಸಭೆಯಲ್ಲಿ ನುಡಿಸಲಾಗುವುದಿಲ್ಲ. ಘಟದ ಗೋಡೆಯು ಎಲ್ಲೆಡೆಯೂ ಸಮನಾದ ದಪ್ಪವುಳ್ಳದ್ದಾಗಿರಬೇಕು. ಒಂದೆಡೆ ತೆಳುವು, ಒಂದೆಡೆ ದಪ್ಪವಾದರೆ ನಾದವು ಕೆಡುವುದು. ತಮಿಳುನಾಡಿನ ಮಾನಾಮದುರೆಯು ಘಟಗಳಿಗೆ ಬಹು ಪ್ರಸಿದ್ಧವಾದ ಊರು. ಅಲ್ಲಿನ ಕುಂಬಾರರು ಜೇಡಿಯೊಡನೆ ಲೋಹದ ಪುಡಿಯನ್ನೂ ಬೆರೆಸುವ ಪದ್ಧತಿಯುಂಟು. ಆದುದರಿಂದ ಆ ಘಟವು ಭಾರವಾಗಿಯೂ ಅದರ ನಾದವು ಕಂಚಿನಂತೆ ಖಣಿಯಾಗಿಯೂ ಇರುವುದು. ಮದರಾಸು, ಬೆಂಗಳೂರುಗಳಲ್ಲಿಯೂ ಘಟಗಳನ್ನು ಮಾಡುವುದುಂಟು. ತಿಗರಿಯಿಂದ ಇಳಿಸಿದ ಹಸಿಯ ಮಡಕೆಯ ಒಳಗೆ ಒಂದು ಕಲ್ಲನ್ನು ಒತ್ತಿಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ಸಾವಿರಾರು ಬಾರಿ ತಟ್ಟಿದ ಮೇಲೆ ಘಟವು ತಕ್ಕ ಆಕಾರಕ್ಕೆ ಬರುವುದು. ಮಾನಾಮದುರೆಯಲ್ಲಿ ಈ ತಟ್ಟುವ ಕೆಲಸದಲ್ಲಿ ಹೆಸರಾದವರು ಮೀನಾಕ್ಷಿಯೆಂಬ ಕುಂಬಾರಗಿತ್ತಿ. ವಾದ್ಯನಿರ್ಮಾಣಕ್ಕಾಗಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ಆಕೆಯನ್ನು ಪುರಸ್ಕರಿಸಿದೆ. ಘಟವನ್ನು ಮಾಡುವ ಕೈ ಹೆಣ್ಣಿನದಾಗಬಹುದು, ನುಡಿಸುವ ಕೈ ಮಾತ್ರ ಹೆಣ್ಣಿನದಾಗಬಾರದೆಂದು ಹೇಳುವುದು ಎಷ್ಟು ವಿಚಿತ್ರವೆಂಬುದನ್ನು ವಾಚಕರೇ ಯೋಚಿಸಲಿ.

ನುಡಿಸುವವರು ಘಟವನ್ನು ಮಡಿಲಲ್ಲಿಟ್ಟುಕೊಂಡು, ಅದರ ಬಾಯಿಯನ್ನು ತಮ್ಮ ಹೊಟ್ಟೆಯ ಕಡೆಗೆ ತಿರುಗಿಸಿಕೊಳ್ಳುವರು. ಬಾಯಿಯನ್ನು ಹೊಟ್ಟೆಗೆ ಒತ್ತಿ ಹಿಡಿದಾಗ ಒಂದು ನಾದ, ಸ್ವಲ್ಪ ಸರಿಸಿದಾಗ ಇನ್ನೊಂದು ನಾದ. ಅಂಗೈಯ ಬುಡದಿಂದ ತಟ್ಟಿದರೆ ಗಂಭೀರವಾದ ಮಂದ್ರಧ್ವನಿ. ಹೊಟ್ಟೆಯ ಭಾಗವನ್ನು ಬೆರಳುಗಳಿಂದ ನುಡಿಸಿದರೆ ಮಧ್ಯಮಧ್ವನಿ. ಕುತ್ತಿಗೆಯ ಬಳಿ ಬೆರಳ ತುದಿಯಿಂದಲೂ ಉಗುರಿನಿಂದಲೂ ಮೀಟಿದರೆ ಗೆಜ್ಜೆಯಂತಹ ಎತ್ತರದ ಧ್ವನಿ. ಮೃದಂಗವನ್ನಾದರೆ ಬಾರುಗಳನ್ನು ಬಿಗಿದು ಶ್ರುತಿಮಾಡಬಹುದು. ಘಟದ ಶ್ರುತಿಯು ಆವಿಗೆಯಲ್ಲಿ ಬೆಂದಾಗಲೇ ನಿಶ್ಚಯವಾದುದು. ಅದನ್ನು ಹೆಚ್ಚಾಗಿ ತಿದ್ದಲಾಗದು. ಹಾಡುವವರ ಶ್ರುತಿ ಬದಲಾದರೆ ಘಟವನ್ನೇ ಬದಲಾಯಿಸಬೇಕು. ಆದುದರಿಂದ ಘಟವಿದ್ವಾಂಸರ ಮನೆಯಲ್ಲಿ ಬೇರೆಬೇರೆ ಶ್ರುತಿಯ ಹಲವು ಘಟಗಳು ಇರಲೇಬೇಕು. ಒಂದು ಕೈಜಾರಿದರೆ ವರ್ಷಗಟ್ಟಲೆ ಜೊತೆಗಿದ್ದ ವಾದ್ಯವು ಕ್ಷಣದಲ್ಲಿ ಬೋಕಿಯಾಗುವುದು!

ಕೈಯ ಸಾಧನೆಗಿಂತ ಮುಂಚೆ ಬಾಯಿಯ ಸಾಧನೆಯಾಗಬೇಕು. ನುಡಿಸಬೇಕಾದ ಜತಿಗಳನ್ನು ಮೊದಲು ಬಾಯಿಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ ಗಟ್ಟಿಮಾಡಿಕೊಳ್ಳುವುದಕ್ಕೆ ಕೊನ್ನಕೋಲೆಂದು ಹೆಸರು. ಇದರಲ್ಲಿ ಅಡಗಿರುವ ಗಣಿತವು ಸಾಮಾನ್ಯವಾದುದಲ್ಲ. ಒಂದು ಸಣ್ಣ ಉದಾಹರಣೆಯನ್ನು ಕೊಡುವೆವು. ಆದಿತಾಳದ ಒಂದು ಆವರ್ತಕ್ಕೆ ಎಂಟು ಎಣಿಕೆ. ಒಂದೊಂದು ಎಣಿಕೆಯನ್ನು ನಾಲ್ಕಾಗಿ ಭಾಗಿಸಿದರೆ ಒಟ್ಟು 32 ಮಾತ್ರೆಗಳಾಗುವುವು. ‘ತಕಧಿಮಿ ತಕ ತಕಧಿಮಿ’ ಎಂಬುದು ಹತ್ತು ಮಾತ್ರೆಯ ಜತಿ. ಇದನ್ನು ಮೂರು ಬಾರಿ ಹೇಳಿದರೆ 30 ಮಾತ್ರೆಯಾಯಿತು. ಒಂದು ಜತಿಗೂ ಮತ್ತೊಂದಕ್ಕೂ ನಡುವೆ ಒಂದೊಂದು ಮಾತ್ರೆಯ ವಿರಾಮವನ್ನು ಬಿಟ್ಟರೆ ಸರಿಯಾಗಿ 32. ಮುಂದಿನ ಪೆಟ್ಟು ತಾಳದ ಮೊದಲನೆಯ ಎಣಿಕೆಯ ಮೇಲೆ ಬಂದು ಕೂಡುವುದು. ನಮ್ಮ ಮನೆಯ ಮಕ್ಕಳು ಇದನ್ನು ಕೈತಟ್ಟಿ ಹೇಳಿ ನೋಡಲಿ. ಕೊನೆಯಲ್ಲಿ ತಾಳವೂ ಜತಿಯೂ ಒಂದಾದಾಗ ಆಗುವ ಸಂತೋಷವು ಲೆಕ್ಕದ ಪಾಠದಲ್ಲಿ ಸಿಕ್ಕುವುದು ಕಷ್ಟ. ಇಂತಹ ಲೆಕ್ಕಗಳನ್ನು ಹತ್ತರಿಂದ ನೂರಕ್ಕೆ ಬೆಳೆಸಿ, ಕಾಗದ ಲೇಖನಿಗಳಿಲ್ಲದೆ, ಸಭೆಯ ನಡುವೆ, ಅಂದಂದಿನ ಹಾಡಿಗೆ ತಕ್ಕಂತೆ ನುಡಿಸುವುದೇ ಲಯವಿದ್ವಾಂಸರ ವಿದ್ಯೆ. ಸುಕನ್ಯಾ ಅವರು ಈ ಕೊನ್ನಕೋಲಿನಲ್ಲಿಯೂ ನಿಪುಣೆಯೆಂದು ಹೆಸರು ಪಡೆದಿದ್ದಾರೆ.

ಗುರುಗಳ ಕೀರ್ತಿಯು ಈ ವೇಳೆಗೆ ಸಮುದ್ರಗಳನ್ನು ದಾಟಿದ್ದಿತು. 1975ರಲ್ಲಿ ಜಾಝ್ ಸಂಗೀತದ ಪ್ರಸಿದ್ಧ ಗಿಟಾರುವಾದಕ ಜಾನ್ ಮ್ಯಾಕ್‌ಲಾಫ್ಲಿನ್ ಎಂಬ ಆಂಗ್ಲೇಯರು, ಪಿಟೀಲಿನ ಎಲ್. ಶಂಕರ್, ತಬಲದ ಜಾಕೀರ್ ಹುಸೇನರೊಡನೆ ‘ಶಕ್ತಿ’ ಎಂಬ ಮೇಳವನ್ನು ಕಟ್ಟಿದಾಗ ಘಟಕ್ಕೆ ವಿನಾಯಕರಾಮರನ್ನು ಕರೆದುಕೊಂಡರು. ಜಾಝ್ ಎಂಬುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದ ನೀಗ್ರೋ ಜನಾಂಗದವರಲ್ಲಿ ಹುಟ್ಟಿದ ಸಂಗೀತವೆಂಬುದು ಹಲವರಿಗೆ ತಿಳಿದಿದೆ. ಬರೆದುದನ್ನು ಬರೆದಂತೆಯೇ ನುಡಿಸದೆ, ನಮ್ಮ ಮನೋಧರ್ಮ ಸಂಗೀತದಂತೆ ಆ ಕ್ಷಣದಲ್ಲಿ ಹೊಳೆದುದನ್ನು ನುಡಿಸುವುದೇ ಅದರ ಜೀವಾಳ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕರಿಯ ಸೈನಿಕರ ವಾದ್ಯಮೇಳಗಳ ಮೂಲಕ ಫ್ರಾನ್ಸಿನವರು ಇಂತಹ ಸಂಗೀತವನ್ನು ಕೇಳಿ ಬೆರಗಾದರು. ಪ್ಯಾರಿಸ್ ನಗರವು ಜಾಝಿಗೆ ಎರಡನೆಯ ತವರಾಯಿತು. ಜಾಝ್ ಡ್ರಮ್ಮುಗಳ ವಾದನಕ್ರಮವನ್ನೇ ಬದಲಿಸಿದ ಕೆನಿ ಕ್ಲಾರ್ಕ್ ಎಂಬ ಅಮೆರಿಕದ ವಾದಕರು 1956ರಲ್ಲಿ ಪ್ಯಾರಿಸಿಗೆ ಹೋಗಿ, 1985ರಲ್ಲಿ ಮರಣಹೊಂದುವವರೆಗೂ ಫ್ರಾನ್ಸಿನಲ್ಲಿಯೇ ನೆಲೆಸಿದರು. ಹಿಂದೆ ಕಾಲಿನಿಂದ ಹೊಡೆಯುವ ದೊಡ್ಡ ನಗಾರಿಯಲ್ಲಿ ತಾಳವನ್ನು ಹಿಡಿಯುತ್ತಿದ್ದರು. ಕ್ಲಾರ್ಕರು ಆ ಕೆಲಸವನ್ನು ಕಂಚಿನ ತಾಳದ ಬಿಲ್ಲೆಗೆ ವಹಿಸಿ, ಉಳಿದ ಡ್ರಮ್ಮುಗಳಿಗೆ ಹಾಡಿನೊಡನೆ ಮಾತನಾಡುವ ಸ್ವಾತಂತ್ರ್ಯವನ್ನು ಕೊಟ್ಟರು. ಜಾಝಿನ ಡ್ರಮ್ಮುವಾದಕರೂ ನಮ್ಮ ಮೃದಂಗ ಘಟಗಳವರಂತೆ ಬಹುಕಾಲ ಹಿಂದಿನ ಸಾಲಿನಲ್ಲಿ ಕುಳಿತವರೇ. ‘ಶಕ್ತಿ’ ಮೇಳದಲ್ಲಾದರೆ ಡ್ರಮ್ಮುಗಳೇ ಇರಲಿಲ್ಲ. ಅವುಗಳ ಕೆಲಸವನ್ನೆಲ್ಲ ಒಂದು ಜೊತೆ ತಬಲವೂ ಮಣ್ಣಿನ ಘಟಗಳೂ ಮಾಡಿದುವು. ಮುಂದೆ 1991ರ ‘ಪ್ಲಾನೆಟ್ ಡ್ರಮ್’ ಎಂಬ ಧ್ವನಿಮುದ್ರಿಕೆಯಲ್ಲಿಯೂ ವಿನಾಯಕರಾಮರು ನುಡಿಸಿದರು; ಅದಕ್ಕೆ ಗ್ರಾಮಿ ಪ್ರಶಸ್ತಿ ದೊರೆಯಿತು.

ವಿವಾಹಾನಂತರ ಸುಕನ್ಯಾ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಲಯವಿದ್ಯೆಯ ಮಟ್ಟಿಗೆ ಬೆಂಗಳೂರು ಬಡವಾದ ಊರಲ್ಲ. ಘಟವಿದ್ವಾನ್ ಬೆಂಗಳೂರು ಕೆ. ವೆಂಕಟರಾಮ್ ಅವರು ಇಲ್ಲಿಯೇ ತಾಳವಾದ್ಯಗಳ ಏಳಿಗೆಗಾಗಿ ಒಂದು ಕಲಾಕೇಂದ್ರವನ್ನು ಸ್ಥಾಪಿಸಿದರು. ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂಬ ತಾಳವಾದ್ಯ ಶಾಲೆಯನ್ನು ತೆರೆದರು. ಅಮೆರಿಕದ ಜಾಝ್ ಸ್ಯಾಕ್ಸೊಫೋನುವಾದಕ ಚಾರ್ಲಿ ಮಾರಿಯಾನೋ ಅವರು ಈ ಶಾಲೆಯವರೊಡನೆ ಕೂಡಿ 1983ರಲ್ಲಿ ಜರ್ಮನಿಯಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಅದರಲ್ಲಿ ಮಣಿಯವರ ಪತ್ನಿ ವಿದುಷಿ ಆರ್. ಎ. ರಮಾಮಣಿಯವರ ಕಂಠವೂ, ಮೃದಂಗ ಘಟ ಖಂಜಿರಗಳೂ, ಕೊನ್ನಕೋಲೂ ಕೇಳಿಬರುವುವು. ಹೀಗೆ ಕನ್ನಡನಾಡಿನ ರಾಜಧಾನಿಯ ತಾಳವು ದೂರದೇಶದ ಜಾಝಿನೊಡನೆ ಕೈಕೂಡಿಸಿದ ಕಾಲವದು. ಇಂತಹ ಊರಿನಲ್ಲಿ ಒಬ್ಬ ಘಟವಾದಿನಿಗೆ ಸುಲಭವಾಗಿ ಸ್ಥಾನ ದೊರೆತಿರಬೇಕೆಂದು ವಾಚಕರು ಊಹಿಸಬಹುದು. ಆದರೆ ಊಹೆಯಂತೆ ನಡೆಯಲಿಲ್ಲ.

ಕಚೇರಿಯ ವೇದಿಕೆಯಲ್ಲಿ ಘಟಕ್ಕಿರುವ ಸ್ಥಾನವನ್ನು ತಿಳಿದರೆ ಈ ತೊಡಕು ಅರ್ಥವಾಗುವುದು. ನಡುವೆ ಗಾಯಕರು, ಅವರ ಅಕ್ಕಪಕ್ಕದಲ್ಲಿ ಪಿಟೀಲು ಮತ್ತು ಮೃದಂಗ. ಘಟ, ಖಂಜಿರ, ಮೋರ್ಸಿಂಗುಗಳು ಹಿಂದೆ. ಇವುಗಳಿಗೆ ಉಪಪಕ್ಕವಾದ್ಯಗಳೆಂದೇ ಹೆಸರು. ಘಟದವರನ್ನು ಕರೆಯಬೇಕೆ ಬೇಡವೆ, ಹಾಡಿನ ಯಾವ ಭಾಗದಲ್ಲಿ ಅವರು ನುಡಿಸಬೇಕು, ತನಿ ಆವರ್ತನದಲ್ಲಿ ಅವರಿಗೆಷ್ಟು ಅವಕಾಶ, ಇವೆಲ್ಲವೂ ಬಹುಮಟ್ಟಿಗೆ ಮೃದಂಗವಿದ್ವಾಂಸರ ಮನಸ್ಸಿಗೆ ಬಿಟ್ಟುದಾಗಿರುವುದು. ಸುಕನ್ಯಾ ಅವರು ವೇದಿಕೆಯನ್ನೇರತೊಡಗಿದ ದಿನಗಳಲ್ಲಿ ಹೆಂಗಸೊಬ್ಬರು ಪಕ್ಕದಲ್ಲಿ ಘಟ ನುಡಿಸುವುದಾದರೆ ತಾವು ಕೂಡುವುದಿಲ್ಲವೆಂದು ಹೇಳಿದ ಮೃದಂಗವಾದಕರು ಇದ್ದರು. ಅವರ ಮಾತಿಗೆ ಅಂಜಿ, ಕೊನೆಯ ಗಳಿಗೆಯಲ್ಲಿ ‘ತಾವು ಬರುವುದು ಬೇಡ’ವೆಂದು ಹೇಳಿಕಳುಹಿಸಿದ ಸಭೆಗಳವರೂ ಇದ್ದರು. ಕೂಡಿ ನುಡಿಸಲು ಒಪ್ಪಿದವರಲ್ಲಿಯೂ ಕೆಲವರು, ಹೆಣ್ಣಿನ ಕೈಗೆ ಇದು ನಿಲುಕದೆಂದು ತೋರಿಸುವುದಕ್ಕಾಗಿಯೋ ಎಂಬಂತೆ, ತೊಡಕಿನ ಲೆಕ್ಕಗಳನ್ನು ಮುಂದೊಡ್ಡುತ್ತಿದ್ದರು.

ಇದು ಸಣ್ಣ ಸಂಗತಿಯಲ್ಲ. ಹಾಡುವವರನ್ನು ಸಭೆಗಳವರು ಕರೆಯದಿದ್ದರೆ ಅವರು ಮನೆಯಲ್ಲಿ ಕುಳಿತಾದರೂ ಹಾಡಬಹುದು. ಪಕ್ಕವಾದ್ಯದವರ ವಿದ್ಯೆಯು ಇನ್ನೊಬ್ಬರ ಜೊತೆಯಲ್ಲಿ ಮಾತ್ರ ಬೆಳೆಯುವುದು. ಜೊತೆಯನ್ನು ನಿರಾಕರಿಸುವುದೆಂದರೆ ವಿದ್ಯೆಯ ಉಸಿರನ್ನೇ ಕಟ್ಟಿದಂತೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಒಂದು ವಿದ್ಯೆಯನ್ನು ಕಲಿತು, ಇಂತಹ ಒಂದೆರಡು ಅವಮಾನಗಳಾದೊಡನೆ, ‘ನಮಗೇಕೆ ಈ ಗೊಡವೆ’ ಎಂದು ವಾದ್ಯವನ್ನು ಅಟ್ಟದ ಮೇಲೆ ಇಟ್ಟುಬಿಡುವರು. ಸಂಸಾರದ ಕೆಲಸಗಳು ಅದಕ್ಕೆ ಒಳ್ಳೆಯ ನೆಪವೂ ಆಗುವುವು. ಸುಕನ್ಯಾ ಅವರು ಹಾಗೆ ಮಾಡಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಸಾಧನೆಯನ್ನು ಹೆಚ್ಚಿಸಿದರು. ಕರೆದವರ ಸಭೆಯಲ್ಲಿ ನುಡಿಸಿದರು. ಕ್ರಮೇಣ ಆಕಾಶವಾಣಿಯ ಉನ್ನತ ಶ್ರೇಣಿಯ ಕಲಾವಿದೆಯೆಂಬ ಮನ್ನಣೆ ಬಂದಿತು. ಹಿರಿಯ ಗಾಯಕ ಗಾಯಕಿಯರ ಕಚೇರಿಗಳಲ್ಲಿ ಸ್ಥಾನ ದೊರೆಯಿತು.

ಆದರೂ ಹಿಂದಿನ ಸಾಲಿನಲ್ಲಿ ಕುಳಿತು ಇನ್ನೊಬ್ಬರ ಕೃಪೆಯನ್ನು ಎದುರುನೋಡುವುದರಲ್ಲಿ ಎಷ್ಟು ಕಾಲ ಕಳೆಯಬಹುದು? ಇದಕ್ಕೆ ಸುಕನ್ಯಾ ಅವರು ಕಂಡುಕೊಂಡ ಉತ್ತರಗಳು ಎರಡು. ಮೊದಲನೆಯದು, 1995ರಲ್ಲಿ ಅವರು ಕಟ್ಟಿದ ‘ಸ್ತ್ರೀ ತಾಳ್ ತರಂಗ್’ ಎಂಬ ಮೇಳ. ಇದರಲ್ಲಿ ನುಡಿಸುವವರೆಲ್ಲರೂ ಹೆಂಗಸರೇ. ವೀಣೆ, ಪಿಟೀಲುಗಳ ಜೊತೆಯಲ್ಲಿ ಮೃದಂಗ, ಘಟ, ಮೋರ್ಸಿಂಗುಗಳು ಸಮಸಮನಾಗಿ ಕುಳಿತುಕೊಳ್ಳುವುವು. ಮೇಳದ ನಾಯಕತ್ವವು ಘಟದ್ದು. ಹಿಂದೆ ಕುಳಿತಿದ್ದ ವಾದ್ಯವು ನಡುವಿಗೆ ಬಂದಿತು. ತಾಳವಾದ್ಯಗಳನ್ನು ಕಲಿತೂ ವೇದಿಕೆ ಕಾಣದಿದ್ದ ಹೆಣ್ಣುಮಕ್ಕಳಿಗೆ ಇದೊಂದು ಆಸರೆಯಾಯಿತು.

ಎರಡನೆಯದು ‘ಘಟತರಂಗ’. ಜಲತರಂಗವನ್ನು ನಮ್ಮ ವಾಚಕರು ಕೇಳಿರಬಹುದು: ನೀರು ತುಂಬಿದ ಪಿಂಗಾಣಿ ಬಟ್ಟಲುಗಳ ಮೇಲೆ ಕಡ್ಡಿಯಿಂದ ರಾಗವನ್ನು ನುಡಿಸುವರು. ಸುಕನ್ಯಾ ಅವರು ಬೇರೆಬೇರೆ ಶ್ರುತಿಯ ಆರೇಳು ಘಟಗಳನ್ನು ತಮ್ಮ ಸುತ್ತಲೂ ಜೋಡಿಸಿಕೊಂಡು, ಬರಿಗೈಯಿಂದಲೇ ಅವುಗಳಲ್ಲಿ ರಾಗದ ಸ್ವರಗಳನ್ನೂ ತಾಳದ ಜತಿಗಳನ್ನೂ ಒಟ್ಟಿಗೆ ಹೊರಡಿಸುವರು. ಘಟದ ಶ್ರುತಿಯನ್ನು ತಿದ್ದಲಾಗದೆಂಬುದು ಅದರ ಕೊರತೆಯೆಂದು ನಾವು ಮೇಲೆ ಹೇಳಿದೆವಷ್ಟೆ. ಆ ಕೊರತೆಯನ್ನೇ ಇವರು ಅನುಕೂಲವನ್ನಾಗಿ ಮಾಡಿಕೊಂಡರು: ಬದಲಾಗದ ಶ್ರುತಿಯ ಒಂದೊಂದು ಘಟವೂ ಒಂದೊಂದು ಸ್ವರವಾಯಿತು. ತಾಳ ಹಿಡಿಯುವುದಕ್ಕೆ ಮಾತ್ರ ತಕ್ಕುದೆಂದು ಎಲ್ಲರೂ ಎಣಿಸಿದ್ದ ಮಡಕೆಯು ಹೀಗೆ ಹಾಡಲೂ ಕಲಿಯಿತು.

ಈ ಬಗೆಯ ಹೋರಾಟವು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ವಯೋಲಾ ಸ್ಮಿತ್ ಎಂಬ ಮಹಿಳೆಯೊಬ್ಬರು ಜಾಝ್ ಡ್ರಮ್ಮುಗಳನ್ನು ನುಡಿಸುತ್ತಿದ್ದರು. 1912ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಜನಿಸಿದ ಇವರು, ಎರಡನೆಯ ಮಹಾಯುದ್ಧವು ನಡೆಯುತ್ತಿದ್ದ 1942ರಲ್ಲಿ ಅಲ್ಲಿನ ಸಂಗೀತಪತ್ರಿಕೆಯೊಂದರಲ್ಲಿ ಲೇಖನವನ್ನು ಬರೆದು, ಯುದ್ಧಕ್ಕೆ ಹೋದ ವಾದಕರ ಸ್ಥಾನಗಳನ್ನು ಸಮರ್ಥರಾದ ಹೆಂಗಸರಿಗೆ ಕೊಡಬಾರದೇಕೆ ಎಂದು ಕೇಳಿದರು. ಬೆನ್ನಿಗೆ ಸಮರ್ಥಿಸಿದವರೂ ಮೂದಲಿಸಿದವರೂ ಹೊರಟರು. ಆಕೆ 2020ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮಲ್ಲಿಯೂ ವಿಜಯವಾಡದ ಶ್ರೀಮತಿ ದಂಡಮೂಡಿ ಸುಮತಿ ರಾಮಮೋಹನರಾವ್ ಅವರು ಮೃದಂಗದಲ್ಲಿ ಕೀರ್ತಿವಂತರಾಗಿ 2021ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ಹೀಗೆ ಬೇರೆಬೇರೆ ದೇಶಗಳಲ್ಲಿ, ಒಬ್ಬರನ್ನೊಬ್ಬರು ಕಾಣದೆ, ಹೆಂಗಸರು ಒಂದೇ ಬಾಗಿಲನ್ನು ತಟ್ಟುತ್ತ ಬಂದಿದ್ದಾರೆ.

ಮನ್ನಣೆಯು ತಡವಾಗಿಯಾದರೂ ಬಂದಿತು. 2014ನೆಯ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯು ಸುಕನ್ಯಾ ಅವರಿಗೆ ಸಂದಿತು. ಪ್ರಶಸ್ತಿಗಿಂತಲೂ ಹೆಚ್ಚು ಬಾಳುವಂತಹ ಎರಡು ಕೆಲಸಗಳನ್ನು ಅವರು ಮಾಡಿದ್ದಾರೆಂದು ನಾವು ಎಣಿಸುವೆವು. ಗುರುಗಳಾದ ವಿನಾಯಕರಾಮರ ಬಾನಿಯಲ್ಲಿ ಘಟವನ್ನು ನುಡಿಸುವ ಕ್ರಮವನ್ನು ‘ಸುನಾದಮ್’ ಎಂಬ ಪುಸ್ತಕದ ರೂಪದಲ್ಲಿ ಹೊರತಂದುದು ಒಂದು. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ವಿದ್ಯೆಯನ್ನು ಬರಹಕ್ಕಿಳಿಸಿ ಉಳಿಸುವ ಈ ಕಾರ್ಯವನ್ನು ನೋಡಿದಾಗ, ಓಲೆಗರಿಗಳನ್ನು ಉಳಿಸಿದ ಆ ಹಿರಿಯರ ನೆನಪು ಬಾರದೆ ಇರದು. ಶಿಷ್ಯರನ್ನು ತಯಾರುಮಾಡಿದುದು ಇನ್ನೊಂದು. ಅವರಲ್ಲಿ ಬೆಂಗಳೂರಿನ ಸುಮನಾ ಚಂದ್ರಶೇಖರ್ ಅವರು ಘಟವಾದಿನಿಯಾಗಿ ಹೆಸರು ಪಡೆದಿದ್ದಾರೆ. ಮೊದಲನೆಯವಳಾಗುವುದು ಕಷ್ಟ, ತಾನೇ ಕೊನೆಯವಳೂ ಆಗದಂತೆ ನೋಡಿಕೊಳ್ಳುವುದು ಇನ್ನೂ ಕಷ್ಟ. ಸುಕನ್ಯಾ ಅವರು ಎರಡನ್ನೂ ಸಾಧಿಸಿದರು.

ಈ ವೃತ್ತಾಂತದಿಂದ ನಮ್ಮ ಗೃಹಸ್ಥರು ತಿಳಿಯಬೇಕಾದುದೇನು? ಮಕ್ಕಳಿಗೆ ಸಂಗೀತ ಹೇಳಿಸಬೇಕೆಂಬ ಆಸೆ ಇಂದು ಹಳ್ಳಿಯ ಮನೆಗಳಲ್ಲಿಯೂ ಇದೆ. ಆದರೆ ಗಂಡುಮಗನಾದರೆ ಮೃದಂಗ, ಹೆಣ್ಣುಮಗಳಾದರೆ ಹಾಡು ಎಂದು ಮಗುವನ್ನು ಕೇಳುವುದಕ್ಕೆ ಮುಂಚೆಯೇ ನಾವು ನಿರ್ಧರಿಸಿಬಿಡುವುದುಂಟು. ಮಗುವಿನ ಬೆರಳು ಎಲ್ಲಿ ಓಡುತ್ತದೆ, ಕಿವಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾಲ್ಕು ದಿನ ಗಮನಿಸಿದರೆ ಸಾಕು, ಅದರ ವಾದ್ಯ ಯಾವುದೆಂದು ಅದೇ ತಿಳಿಸುವುದು. ಪಿಟೀಲಿಗೆಂದು ಬಂದ ಹುಡುಗಿಯ ಬೆರಳನ್ನು ಹರಿಹರ ಶರ್ಮರು ಗಮನಿಸದೆ ಹೋಗಿದ್ದರೆ, ನಾವು ಒಬ್ಬ ಸಾಧಾರಣ ಪಿಟೀಲುವಾದಿನಿಯನ್ನು ಪಡೆದು, ಒಬ್ಬ ಅಸಾಧಾರಣ ಘಟವಾದಿನಿಯನ್ನು ಕಳೆದುಕೊಳ್ಳುತ್ತಿದ್ದೆವು.

ವಿದ್ಯೆಯನ್ನು ಕಲಿಸಿದಲ್ಲಿಗೆ ಕೆಲಸ ಮುಗಿಯುವುದೂ ಇಲ್ಲ. ಕಲಿತವಳನ್ನು ಕರೆಯುವವರು ಬೇಕು. ರಾಮನವಮಿಗೋ ಗಣೇಶೋತ್ಸವಕ್ಕೋ ಊರಿನಲ್ಲಿ ಕಚೇರಿಯನ್ನು ಏರ್ಪಡಿಸುವ ಮಹನೀಯರು, ಹಾಡುವುದಕ್ಕೆ ಹೆಂಗಸರನ್ನು ಕರೆಯುವಂತೆಯೇ ಮೃದಂಗಕ್ಕೂ ಘಟಕ್ಕೂ ಅವರನ್ನು ಕರೆಯಬೇಕು. ಕರೆದ ಮೇಲೆ ಯಾರ ಮುನಿಸಿಗೂ ಅಂಜಿ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಾರದು. ತನಿ ಆವರ್ತನವು ಆರಂಭವಾದೊಡನೆ ಎದ್ದು ಹೊರಗೆ ಹೋಗುವ ದುರಭ್ಯಾಸವನ್ನು ಶ್ರೋತೃಗಳೂ ಬಿಡಬೇಕು. ಆ ಹತ್ತು ಹದಿನೈದು ನಿಮಿಷಗಳಿಗಾಗಿಯೇ ಹಿಂದಿನ ಸಾಲಿನ ಕಲಾವಿದರು ಎರಡು ಗಂಟೆಗಳ ಕಾಲ ಕಾದಿರುವರು, ಅದರ ಹಿಂದೆ ಇಪ್ಪತ್ತು ವರ್ಷಗಳ ಕಾಲ ದುಡಿದಿರುವರು. ಕುಳಿತು, ಕೈಯಲ್ಲಿ ತಾಳವನ್ನೆಣಿಸುತ್ತ, ಮಣ್ಣು ಹೇಳುವುದನ್ನು ಕೊನೆಯ ಪೆಟ್ಟಿನವರೆಗೆ ಕೇಳುವುದು ನಾವು ಅವರಿಗೆ ಸಲ್ಲಿಸಬಹುದಾದ ಅತ್ಯಂತ ಸರಳವಾದ, ಖರ್ಚಿಲ್ಲದ ಗೌರವವಾಗಿದೆ.